ಕಾವುಗೂಡಿನ ಅನ್ನ

ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ಮೂವತ್ತೊಂದು
ಕೆಳಗಿನ ಓಣಿ, ಗದಗ

ಹಿಂದಿನವರಿಗೆ,

ತಾರೀಖು ನೋಡಿ ಕಾಗದ ಹರಿಯಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಅದು ಯಾಕೆ ಹಾಗಾಯಿತೆಂದು ಶಾಲೆಯಲ್ಲಿ ಹೇಳಿಕೊಟ್ಟಿರಬೇಕು. ನಾನು ಅರ್ಧಕ್ಕೇ ಬಿಟ್ಟೆ. ಬೆಂಚಿನ ಮೇಲೆ ಕೂತಿರುವುದು ನನ್ನಿಂದ ಆಗಲಿಲ್ಲ, ಅಷ್ಟೆ. ಅದರ ಹಿಂದೆ ದುಃಖದ ಕಥೆ ಏನೂ ಇಲ್ಲ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ಒಗರಾಗಬಹುದು, ಕ್ಷಮಿಸಿ. ಅರ್ಥ ಹೇಳುತ್ತ ಹೋಗುತ್ತೇನೆ.

ನಮ್ಮಲ್ಲಿ ಮನೆಗೊಂದು ಒಲೆ ಇಲ್ಲ, ಉರಿಸಲು ಏನೂ ಉಳಿದಿಲ್ಲ. ಓಣಿಗೊಂದು ಬಿಸಿಲೊಲೆ ಇದೆ. ಮಾಳಿಗೆಯ ಮೇಲೆ ಬಾವಿಯ ಬಾಯಿಯಷ್ಟು ಅಗಲದ ಕನ್ನಡಿ, ಅದರ ಬೆಳಕು ಬೀಳುವಲ್ಲಿ ಹಂಡೆ. ಸೂರ್ಯ ನೆತ್ತಿಗೆ ಬಂದಾಗ ಓಣಿಗೆಲ್ಲ ಅನ್ನ ಬೇಯುತ್ತದೆ. ಸಂಜೆಯ ಪಾಲನ್ನು ಕಾವುಗೂಡಿಗೆ ಇಳಿಸುತ್ತೇವೆ. ಕಾವುಗೂಡೆಂದರೆ ಹತ್ತಿ ಮತ್ತು ಕಂಬಳಿ ತುಂಡು ಒತ್ತಿ ತುಂಬಿದ ದೊಡ್ಡ ಪೆಟ್ಟಿಗೆ. ಕುದಿಯುವ ಹಂಡೆ ಅದರೊಳಗೆ ಕೂತರೆ ಹೊತ್ತು ಮುಳುಗುವವರೆಗೂ ಕೈ ಸುಡುವಂತಿರುತ್ತದೆ. ಮುಚ್ಚಳ ತೆಗೆದಷ್ಟೂ ಕಾವು ಹೋಗುವುದರಿಂದ ಹಿರಿಯರು ಒಂದು ಕಟ್ಟಳೆ ಮಾಡಿದರು: ಮುಚ್ಚಿದವಳೇ ತೆಗೆಯಬೇಕು, ಊಟದ ಸಾಲು ಕೂತ ಮೇಲೆಯೇ ತೆಗೆಯಬೇಕು. ಈಗ ಕಾವಿನ ಮಾತು ಯಾರಿಗೂ ನೆನಪಿಲ್ಲ. ಬೇರೆಯವರು ಮುಚ್ಚಳ ಮುಟ್ಟಿದರೆ ಅಡುಗೆಯವಳನ್ನು ಕಳ್ಳಿ ಎಂದಂತೆ.

ನಮ್ಮ ಓಣಿಯ ಸೌಟು ಫಕೀರವ್ವನ ಕೈಯಲ್ಲಿದೆ. ಅವಳು ನಮ್ಮಪ್ಪನ ಅಕ್ಕ, ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು. ಸೌಟು ಹಿಡಿದವಳ ಮಾತು ಓಣಿಯಲ್ಲಿ ನಡೆಯುತ್ತದೆ. ಸೌಟು ಹೋದರೆ ಅವಳನ್ನು ಕರೆದು ಕೇಳುವವರಿಲ್ಲ.

ಹೋದ ವಾರ ನಮ್ಮಣ್ಣನ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಅದೇ ದಿನ ಧೂಳುಗಾಳಿ ಬರುತ್ತದೆಂದು ಡಂಗುರ ಸಾರಿದರು. ಧೂಳು ಕವಿದರೆ ಬಿಸಿಲೊಲೆ ಕುರುಡು. ಗಾಳಿ ಇಳಿಯುವ ತನಕ ಯಾರೂ ಓಣಿ ದಾಟುವಂತಿಲ್ಲ, ವೈದ್ಯರೂ ಒಳಗೆ ಬರುವಂತಿಲ್ಲ. ಅದಕ್ಕೆ ಅತ್ತೆ ಹಿಂದಿನ ದಿನವೇ ಎಲ್ಲಕ್ಕಿಂತ ದೊಡ್ಡ ಹಂಡೆಯ ತುಂಬ ಅನ್ನ ಮಾಡಿ ಕಾವುಗೂಡಿನಲ್ಲಿಟ್ಟು ಮುಚ್ಚಿದಳು. ಬೆಳಿಗ್ಗೆ ಗಾಳಿ ಏಳುವ ಮುಂಚೆ ಒಂದು ಹಬೆ ಬರಿಸಿ ಬಡಿಸುವುದೆಂದು ಅವಳ ಲೆಕ್ಕ. ಕಾವುಗೂಡನ್ನು ಒಂದು ಸಂಜೆಗೆಂದು ಮಾಡಿದ್ದಾರೆ, ರಾತ್ರಿಯಿಡೀ ಇಡುವುದಕ್ಕಲ್ಲ. ಬೆಳಗಾದರೆ ಅದು ಬಿಸಿಯನ್ನೂ ಹಿಡಿಯುವುದಿಲ್ಲ, ತಣ್ಣಗಾಗಲೂ ಬಿಡುವುದಿಲ್ಲ.

ಶಾಲೆ ಬಿಡುವ ಮುಂಚೆ ನಾನು ಕಿವಿಗೊಟ್ಟು ಕೇಳಿದ ಕೊನೆಯ ಪಾಠ ಇದರದೇ ಆಗಿತ್ತು. ಅಕ್ಕಿಯಲ್ಲಿ ಹೊಲದ ಮಣ್ಣಿನಿಂದ ಬಂದ ಒಂದು ಜಾತಿಯ ಸೂಕ್ಷ್ಮಜೀವಿ ಇರುತ್ತದೆ. ಕಷ್ಟ ಬಂದಾಗ ಅದು ಗಟ್ಟಿ ಕವಚದೊಳಗೆ ಮುದುಡಿ ಬೀಜದಂತೆ ಮಲಗುತ್ತದೆ, ಕುದಿಯುವ ನೀರಿಗೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಉಳಿದರೆ ಏಳುತ್ತದೆ, ಒಂದಕ್ಕೆರಡಾಗುತ್ತ ಹೋಗುತ್ತದೆ, ಅನ್ನದಲ್ಲಿ ವಿಷ ಬಿಡುತ್ತದೆ. ಮತ್ತೆ ಕುದಿಸಿದರೆ ಎದ್ದ ಜೀವಿ ಸತ್ತೀತು, ಆದರೆ ಬಿಟ್ಟ ವಿಷ ಹಾಗೇ ಉಳಿಯುತ್ತದೆ. ಗಟ್ಟಿ ಆಳಾದರೆ ವಾಂತಿ ಮಾಡಿಕೊಂಡು ಮರುದಿನ ಎದ್ದು ಕೂರುತ್ತಾನೆ. ಎಳೆಯ ಮಕ್ಕಳಿಗೆ ಅಷ್ಟು ಸುಲಭವಲ್ಲ. ಸಾಲಿನ ಮುಂದೆ ಕೂರುವವರು ಅವರೇ.

ಬೆಳಿಗ್ಗೆ ಮಾಳಿಗೆ ಹತ್ತಿದಾಗ ಪಡುವಣ ಆಕಾಶ ಆಗಲೇ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಅತ್ತೆ ಕನ್ನಡಿ ಒರೆಸುತ್ತಿದ್ದಳು.

“ಅತ್ತಿ, ಈ ಅನ್ನ ಬಡಿಸಬ್ಯಾಡ.”

“ಯಾಕ? ಹಳಸೇತೇನು?”

“ಹಳಸಿದ್ರ ವಾಸನಿ ಬರತಿತ್ತು. ಇದರ ವಾಸನಿ ಬರೂದಿಲ್ಲ, ಅದಕ್ಕ ಅಂಜಿಕಿ.”

“ವಾಸನಿ ಇಲ್ಲ, ರುಚಿ ಕೆಟ್ಟಿಲ್ಲ, ಕಣ್ಣಿಗೂ ಕಾಣೂದಿಲ್ಲ. ಹಂಡ್ಯಾಗ ದೆವ್ವ ಹೊಕ್ಕೇತೇನ?”

ನೀರು ಹೊರುತ್ತಿದ್ದವರು ನಕ್ಕರು. ಓಣಿಯ ಹಿರಿಯ ಈರಸಂಗಜ್ಜ ಮೆಟ್ಟಿಲ ಮೇಲಿಂದಲೇ ಕೂಗಿದ: “ತಂಗಳ ತಿಂದು ಗಟ್ಟಿಯಾದ ಮೈ ನಂದು! ಸಾಲಿ ಬಿಟ್ಟಾಕಿ ನಮಗ ಸಾಲಿ ಕಲಸಾಕ ಬಂದಾಳ, ನೋಡ್ರಿ.”

ತಂಗಳು ಬೇರೆ, ಇದು ಬೇರೆ. ಮನೆಯ ಗಡಿಗೆಯ ಹಿಡಿ ಅನ್ನ ಬೇಗ ಆರುತ್ತದೆ, ಹಂಡೆಯ ನಡುವಿನ ಅನ್ನ ಆರುವುದಿಲ್ಲ, ಮಜ್ಜಿಗೆ ಕಲಸಿದರೆ ಹುಳಿಯೂ ಅನ್ನವನ್ನು ಕಾಪಾಡುತ್ತದೆ ಎಂದೆ. ತಂಗಳು ತಿಂದು ಹೊಟ್ಟೆ ಕೆಟ್ಟವರೂ ಇದ್ದಿರಬೇಕು ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಕೆಳಗೆ ಮಕ್ಕಳು ತಾಟು ಬಡಿಯತೊಡಗಿದವು.

ನಾನು ಮುಚ್ಚಳ ತೆಗೆದು ಮೊಣಕೈವರೆಗೆ ಅನ್ನದೊಳಗೆ ಕೈ ತೂರಿಸಿದೆ. ನಡುವಿನ ಅನ್ನ ಮಲಗಿದ ಕೂಸಿನ ಹೊಟ್ಟೆಯಷ್ಟು ಬೆಚ್ಚಗಿತ್ತು. “ಮುಟ್ಟಿ ನೋಡ್ರಿ” ಎಂದೆ. ಯಾರೂ ಮುಟ್ಟಲಿಲ್ಲ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು.

ಮೊದಲು ಚೇತರಿಸಿಕೊಂಡವಳು ಅತ್ತೆ. “ಹುಚ್ಚ ಹುಡುಗಿ ಕೈ ಅದ್ದಿ ಎಂಜಲಾ ಮಾಡಿದ್ಲು. ಚೆಲ್ರಿ ಇದನ್ನ, ಕಟಕರೊಟ್ಟಿ ತಗೀರಿ” ಎಂದಳು. ಆ ಒಂದೇ ಮಾತಿನಲ್ಲಿ ಅವಳ ಸೌಟೂ ಉಳಿಯುತ್ತಿತ್ತು, ಮಕ್ಕಳೂ ಉಳಿಯುತ್ತಿದ್ದವು. ನಾನು ಬೈಸಿಕೊಂಡರೆ ಸಾಕಿತ್ತು. ಅವಳು ಕಣ್ಣಿನಲ್ಲೇ ಬೇಡಿಕೊಂಡಳು, ಸುಮ್ಮನಿರು ಎಂದು.

ನಾನು ಸುಮ್ಮನಿರಲಿಲ್ಲ. ಕೈ ಅದ್ದಿದ್ದಕ್ಕೆ ಚೆಲ್ಲಿದರೆ ಮುಂದಿನ ಸಲ ಯಾರೂ ಕೈ ಅದ್ದದಂತೆ ಕಾವಲು ನಿಲ್ಲಿಸಿ ಇಂಥದೇ ಅನ್ನ ಬಡಿಸುತ್ತಾರೆ. “ನನ್ನ ಕೈಯಿಂದ ಕೆಟ್ಟಿಲ್ಲ, ರಾತ್ರಿನ ಕೆಟ್ಟೇತಿ” ಎಂದು ಎಲ್ಲರ ಮುಂದೆ ಹೇಳಿದೆ. ಅತ್ತೆ ಸೌಟನ್ನು ಹಂಡೆಯ ಮೇಲೆ ಅಡ್ಡ ಇಟ್ಟು ಇಳಿದು ಹೋದಳು.

ಅನ್ನವನ್ನು ನಾಯಿಯೂ ಮುಟ್ಟದಂತೆ ಗುಂಡಿ ತೋಡಿ ಮುಚ್ಚಿದೆವು. ಕಾರ್ಯಕ್ಕೆ ಬಂದವರಿಗೆ ಕಟಕರೊಟ್ಟಿ, ಶೇಂಗಾ ಚಟ್ನಿ. ಒಣಗಿದ ರೊಟ್ಟಿಯಲ್ಲಿ ನೀರಿಲ್ಲ, ನೀರಿಲ್ಲದಲ್ಲಿ ಆ ಜೀವಿ ಬೆಳೆಯುವುದಿಲ್ಲ. ಆದರೆ ತೊಟ್ಟಿಲಿನ ಕಾರ್ಯಕ್ಕೆ ಅನ್ನವಿಲ್ಲದ ಊಟ ಎಂಥ ಅವಮಾನವೆಂದು ಕೂಸಿನ ತಾಯಿ, ನಮ್ಮತ್ತಿಗೆಯ ಮುಖದಲ್ಲಿ ಕಂಡೆ. ಯಾರಿಗೂ ಏನೂ ಆಗಲಿಲ್ಲ. “ನೋಡಿದ್ಯಾ, ಏನಾತು?” ಎಂದು ಈಗ ನನ್ನನ್ನೇ ಕೇಳುತ್ತಾರೆ. ಆ ಅನ್ನ ನಿಜಕ್ಕೂ ವಿಷವಾಗಿತ್ತೇ? ನನಗೆ ಗೊತ್ತಿಲ್ಲ. ಆಗಿರಬಹುದಿತ್ತು, ಅಷ್ಟೇ ಹೇಳಬಲ್ಲೆ. ಸೌಟು ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ಹುಣ್ಣಿಮೆಗೆ ಓಣಿ ಕೂಡುತ್ತದೆ, ಅಲ್ಲಿಯವರೆಗೆ ಅಡುಗೆ ಅತ್ತೆಯದೇ.

ನಾಳೆಗೆ ಮತ್ತೆ ಧೂಳಿನ ಡಂಗುರವಾಗಿದೆ. ಇವತ್ತೇ ಬೇಯಿಸಿಡಬೇಕು. ಇಷ್ಟು ದಿನ ನನ್ನ ಕಡೆ ತಿರುಗಿಯೂ ನೋಡದ ಅತ್ತೆ ಈಗಷ್ಟೇ ಬಂದು ಬಾಗಿಲಲ್ಲಿ ನಿಂತಳು.

“ಪರಾತದಾಗ ತೆಳ್ಳಗ ಹರವಿ, ಲಗೂನ ಆರಿಸಿ, ನೆಲಮನ್ಯಾಗ ತಣ್ಣಗಿಟ್ರ ಎಷ್ಟೊತ್ತು ತಡೀತೈತಿ?”

ಪಾಠದ ಆ ಭಾಗ ಮರುದಿನಕ್ಕಿತ್ತು. ಮರುದಿನ ನಾನು ಹೋಗಲಿಲ್ಲ. “ಗೊತ್ತಿಲ್ಲ, ಅತ್ತಿ” ಎಂದೆ.

“ಇಷ್ಟೂ ಗೊತ್ತಿಲ್ದ ನನ್ನ ಹಂಡ್ಯಾಗ ಕೈ ಹಾಕಿದಿ” ಎಂದು ಮಾಳಿಗೆಗೆ ಹೋದಳು.

ನಮ್ಮ ಶಾಲೆಯ ಮಾಸ್ತರರು ಧೂಳು ಬರುವ ಮುಂಚೆ ಊರು ಬಿಟ್ಟಿದ್ದಾರೆ. ಕೇಳಲು ನನಗೆ ನೀವಷ್ಟೇ ಇದ್ದೀರಿ. ನಿಮ್ಮಲ್ಲಿ ಮನೆಮನೆಗೂ ತಣ್ಣನೆಯ ಪೆಟ್ಟಿಗೆ ಇತ್ತಂತೆ. ಅದರಲ್ಲಿಟ್ಟ ಅನ್ನ ಎಷ್ಟು ಹೊತ್ತು ತಡೆಯುತ್ತಿತ್ತು, ಎಷ್ಟು ತಣ್ಣಗಿರಬೇಕಿತ್ತು, ಹೊರಗಿಟ್ಟರೆ ಎಷ್ಟು ಹೊತ್ತಿಗೆ ಚೆಲ್ಲುತ್ತಿದ್ದಿರಿ, ಎಲ್ಲವನ್ನೂ ಬರೆದಿಡಿ. ಹೀಗೆ ಮಾಡಿ ಎಂದಷ್ಟೇ ಬರೆಯಬೇಡಿ, ಯಾಕೆ ಎಂಬುದನ್ನೂ ಬರೆಯಿರಿ. ಕಾಗದ ಉಳಿಯುವುದಿಲ್ಲ. ಮಾಳಿಗೆಗೆ ಹತ್ತುವ ಕಲ್ಲಿನ ಮೆಟ್ಟಿಲು ನಿಮ್ಮ ಕಾಲದ್ದೇ ಅನ್ನುತ್ತಾರೆ. ಅದರ ಪಕ್ಕದ ಗೋಡೆಯ ಮೇಲೆ ಕೆತ್ತಿಸಿ.

ಇಷ್ಟು ಬರೆದು ಹೋಗಿ ನೋಡಿ ಬಂದೆ. ಗೋಡೆ ಇನ್ನೂ ಬೋಳಾಗಿದೆ. ಬೇಗ ಮಾಡಿ. ಅತ್ತೆ ಅಕ್ಕಿ ತೊಳೆಯುತ್ತಿದ್ದಾಳೆ.

ನಿಂಬೆವ್ವ