ಕ್ವಾರ್ಕಿನ ಲೆಕ್ಕ ಯಾರದ್ದು

ಲೋಕೇಶ,

ಇದನ್ನು ನಿನಗೆ ಕಳಿಸುವುದಿಲ್ಲ. ಕಳಿಸಿದರೆ ನಯವಾಗಿ ಉತ್ತರ ಬರೆಯುತ್ತೀಯ. ಆ ನಯ ನನಗೆ ಬೇಡ.

ಇವತ್ತು ಹೊನ್ನಾವರದ ಕಾಲೇಜೊಂದರಲ್ಲಿ ನನ್ನ ಉಪನ್ಯಾಸವಿತ್ತು. ಪ್ರಾಂಶುಪಾಲರು, "ನಮ್ಮ ಬೆಳಕೆ ಊರಿನ ಲೋಕೇಶ ಸರ್ ಮಾಡಿದ ಸಂಶೋಧನೆಗೆ ಈ ಸುಪ್ರಿಯಾ ಮೇಡಂ ನೆರವಾದವರು" ಎಂದು ಪರಿಚಯಿಸಿದರು. ನಿನ್ನ ಸಂದರ್ಶನ ಓದಿದ್ದರಂತೆ. ಅದರಲ್ಲಿ ನಾನು ಬರೀ 'ಲೆಕ್ಕಕ್ಕೆ ನೆರವಾದ ಗೆಳತಿ'.

ನೆರವಂತೆ! ಸೀಸದ ಎರಡು ಪರಮಾಣು ಬೀಜಗಳು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಡಿಕ್ಕಿ ಹೊಡೆದರೆ ಪ್ರೋಟಾನುಗಳೇ ಕರಗಿ, ಅವುಗಳೊಳಗಿನ ಕಣಗಳಾದ ಕ್ವಾರ್ಕ್ ಮತ್ತು ಗ್ಲೂಆನುಗಳ ದ್ರವವಾಗುತ್ತವೆ. ಅದರೊಳಗೆ ಹಾಯುವ ಭಾರದ ಕ್ವಾರ್ಕ್ ಎಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಎಂಬ ಸಮೀಕರಣವನ್ನು ಕುಮಟೆಯ ನಮ್ಮ ಮನೆ ಜಗಲಿಯಲ್ಲಿ ಕೂತು ಬರೆದವಳು ನಾನು. ನೀನು ಅದನ್ನು ಕಂಪ್ಯೂಟರಿಗೆ ಹಾಕಿ, ಪ್ರಯೋಗದ ಅಂಕಿಗಳಿಗೆ ಹೊಂದುತ್ತದೆ ಎಂದು ತೋರಿಸಿದೆ. "ನೀನಿಲ್ದಿದ್ರೆ ಇದು ಆಗ್ತಾನೇ ಇರ್ಲಿಲ್ಲ ಮಾರಾಯ್ತಿ" ಎಂದು ಕುಣಿದವನೂ ನೀನೇ.

ಮೈ ಉರಿಯುತ್ತಿದ್ದರೂ ಮಾತು ಮುಗಿಸಿದೆ. ಆಗ ರೇಖಾ ಎಂಬ ವಿದ್ಯಾರ್ಥಿನಿ ಎದ್ದು, "ಮೇಡಂ, ಈ ಲೆಕ್ಕ ಖರೆ ಯಾರದ್ದು?" ಎಂದು ಕೇಳಿದಳು.

ನನ್ನೊಬ್ಬಳ ಹೆಸರು ಹೇಳಬಹುದಿತ್ತು, ನೀನು ನಿನ್ನದನ್ನು ಹೇಳಿಕೊಂಡ ಹಾಗೆ. ಬಾಯಿ ಬರಲಿಲ್ಲ. "ಸಮೀಕರಣ ನಂದು. ಅದು ಸರಿ ಅಂತ ತೋರಿಸಿದವ ಲೋಕೇಶ. ಇಬ್ರದ್ದೂ ಹೌದು" ಎಂದೆ. ಹಾಗೆ ಹೇಳಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಅವಳು ಬಿಡಲಿಲ್ಲ. "ಹಂಗಾರೆ ಈಗ ಇಬ್ರೂ ಸೇರಿ ಎಂತ ಮಾಡ್ತಾ ಇದ್ದೀರಿ?"

"ಬೇರೆ ಯಾರಿಗಾದ್ರೂ ಪ್ರಶ್ನೆ ಇದೆಯಾ?" ಎಂದು ನಾನು ಸಭೆಯ ಇನ್ನೊಂದು ಬದಿಗೆ ತಿರುಗಿದೆ.

ಸುಪ್ರಿಯಾ