ಮೇಲಿನ ಮನೆಯ ತಾಳ

ಮೇಲಿನ ಮನೆಯ ಟೈಲರ್ ಅಕ್ಕನವರಿಗೆ,

ನಿಮ್ಮ ಮಿಷನ್ನಿನ ಸದ್ದು ನನ್ನ ರೆಕಾರ್ಡಿಂಗಿನಲ್ಲೆಲ್ಲ ಕೇಳಿಸುತ್ತಿದೆ ಎಂದು ಕೂಗಾಡಿ ಹೋದವನು ನಾನೇ. “ಆಯ್ತಪ್ಪ, ನಿನ್ನ ಆಲ್ಬಂ ಮುಗಿಯೋವರೆಗೂ ಮಿಷನ್ ಮುಟ್ಟಲ್ಲ” ಎಂದಿರಿ. ಆಡಿದಂತೆಯೇ ನಡೆದುಕೊಂಡಿರಿ.

ಅಂದಿನಿಂದ ನನ್ನ ಕೊಳಲು ತಾಳ ತಪ್ಪುತ್ತಿದೆ. ಬೀದಿಯ ಸದ್ದು ಬಾರದಂತೆ ಹಾಸಿಗೆಯನ್ನು ಕಿಟಕಿಗೆ ಒರಗಿಸಿ, ಫ್ಯಾನ್ ಆರಿಸಿ, ಬೆವರುತ್ತಾ ನುಡಿಸುತ್ತೇನೆ. ನುಡಿಸುವವನೂ ನಾನೇ, ರೆಕಾರ್ಡ್ ಮಾಡುವವನೂ ನಾನೇ. ಎಲ್ಲಿ ಎಡವಿದೆ ಎಂದು ಹೇಳುವವರಿಲ್ಲ. ಕೊನೆಗೆ, ನೀವು ಮಿಷನ್ ನಿಲ್ಲಿಸುವ ಮುಂಚೆ ನಾನು ರೆಕಾರ್ಡ್ ಮಾಡಿದ್ದ ಹಾಡುಗಳನ್ನು ಹಾಕಿ ಕೇಳಿದೆ. ನೀವು ಜೋರಾಗಿ ತುಳಿದ ಕಡೆ ನಾನೂ ಓಡಿದ್ದೇನೆ. ನೀವು ದಾರ ಪೋಣಿಸಲು ನಿಂತ ಕಡೆ ಉಸಿರು ತೆಗೆದುಕೊಂಡಿದ್ದೇನೆ. ಇಷ್ಟು ದಿನ ನನ್ನ ಲಯ ನಿಮ್ಮ ಕಾಲಲ್ಲಿತ್ತು!

ತಾಳ ಹಾಕುವ ಯಂತ್ರ ಇಟ್ಟುಕೊಂಡೂ ನೋಡಿದೆ. ಅದರ ದಾರ ಕಡಿಯುವುದೇ ಇಲ್ಲ, ನನಗೆ ಉಸಿರಾಡಲು ಬಿಡುವೇ ಇಲ್ಲ.

ಒಂದೇ ಹಾಡು ಉಳಿದಿದೆ, ಮೆಲ್ಲಗೆ ಸಾಗುವ ವಿಳಂಬ ಕಾಲದ್ದು. ಯಾವ ಮುಖ ಇಟ್ಟುಕೊಂಡು ನಿಮ್ಮ ಬಾಗಿಲು ತಟ್ಟಲಿ? ಅದಕ್ಕೇ ಈ ಪತ್ರದ ಜೊತೆ ಒಂದು ಅಂಗಿ ಬಟ್ಟೆಯನ್ನು ಚಿಲಕಕ್ಕೆ ಸಿಕ್ಕಿಸಿ ಬಂದಿದ್ದೇನೆ. ಅಳತೆ ಯಾರದಾದರೂ ಸರಿ. ದಯವಿಟ್ಟು ನಿಧಾನವಾಗಿ ಹೊಲಿಯಿರಿ.

ಕೆಳಗೆ ಕಿವಿಗೊಟ್ಟು ಕೂತಿರುವ,
ನೀವೇ ಹೆಸರಿಟ್ಟ ‘ಪೀಪಿ’