ಅವನ ಮಾತಿನ್ನೂ ಮುಗಿದಿರಲಿಲ್ಲ

ಇವಳೇ,

ನೀನು ಸತ್ತವಳು, ಇದನ್ನು ಓದುವುದಿಲ್ಲ. ಆದರೂ ಹೊಟ್ಟೆ ಉರಿಯುತ್ತಿದೆ, ಬರೆಯುತ್ತೇನೆ.

ಇವತ್ತು ನಮ್ಮ ಮಗ ಕೆಲಸಕ್ಕೆ ಹೋಗುವ ವಿಶೇಷಚೇತನರ ಕೇಂದ್ರದಲ್ಲಿ ಮೀಟಿಂಗು. ಅವನ ಮುಂದಿನ ಬದುಕು ಹೇಗಿರಬೇಕೆಂದು ಅವನೇ ಹೇಳಬೇಕಂತೆ. ನಟ್ಟನಡುವೆ ದೊಡ್ಡ ಕುರ್ಚಿ ಹಾಕಿ ಕೂರಿಸಿದರು.

"ಇವತ್ತು ನೀನೇ ಯಜಮಾನ ಕಣಪ್ಪ," ಎಂದಳು ಕೇಂದ್ರ ನಡೆಸುವ ಮೇಡಮ್ಮು. "ಬಟ್ಟೆ ಮಡಚೋ ಕೆಲಸ ಬಿಟ್ಟು ಮೇಣದಬತ್ತಿ ಮಾಡೋಕೆ ಹೋಗ್ತೀಯಾ?"

ಅವನ ಮಾತು ಹೊರಡುವುದು ನಿಧಾನ. ನೀನಾದರೆ ಒಲೆ ಆರಿಸಿ, ಮುಗಿಯುವ ತನಕ ಎದುರಿಗೆ ನಿಲ್ಲುತ್ತಿದ್ದೆ. ಅವನು "ನಂ... ನಂಗೆ..." ಎನ್ನುವಷ್ಟರಲ್ಲಿ ಆ ಹೆಂಗಸು "ಇಷ್ಟವಂತೆ!" ಎಂದು ತಾನೇ ಮುಗಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಥೂ, ಯಜಮಾನನಂತೆ! ಬೊಂಬೆಗಾದರೂ ಇವರು ಇನ್ನಷ್ಟು ಮರ್ಯಾದೆ ಕೊಡುತ್ತಿದ್ದರು. ನಾಚಿಕೆಗೆಟ್ಟ ನನ್ನ ಕೈಯೂ ತಟ್ಟಿತು.

ಬಸ್ ಸ್ಟಾಪಿನಲ್ಲಿ ಅವನ ಮಾತು ಪೂರ್ತಿಯಾಯಿತು.

"ನಂಗೆ... ಬೇಡ ಅಪ್ಪ. ಬಟ್ಟೆ ಮಡಚೋದೇ... ಇಷ್ಟ."

ನನಗೆ ಮೈಯೆಲ್ಲ ಉರಿದುಹೋಯಿತು. "ಇಲ್ಲೇ ಇರು. ಅವಳ ಗ್ರಹಚಾರ ಬಿಡಿಸಿ ಬರ್ತೀನಿ," ಎಂದು ಎದ್ದೆ.

ಅವನು ತೋಳು ಹಿಡಿದು ಕೂರಿಸಿದ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ನಮ್ಮ ಬಸ್ಸು ಬಂದು, ನಿಂತು, ಹೊರಟೂಹೋಯಿತು. ಆಗ ಹೇಳಿದ:

"ನೀನು... ಬೇಡ. ನಾನೇ ಹೇಳ್ತೀನಿ."